ಎಡಕ್ಕೆ ವಾಲಿದ ಎಲೆ

ಕೊನೆಯ ಸಾಲಿನ ಸಕ್ಕರೆ ತುಂಡುಗಳನ್ನು ಸೊಸೆ ಚಾಕುವಿನ ತುದಿಯಿಂದ ಕಾಗದ ಬಿಡಿಸಿ ಎಬ್ಬಿಸುತ್ತಿದ್ದಾಗ ನಡುಮನೆಯಿಂದ ಗಂಡ ಕೂಗಿದ.

"ಗಾಡಿ ಬಂತು ಕಣೇ. ಬಾ."

"ಬಂದೆ ರೀ, ಸ್ವಲ್ಪ ಉಳಿದಿದೆ."

ಅಡುಗೆಮನೆಯ ಬಾಗಿಲಲ್ಲಿ ಚಿಕ್ಕತ್ತೆ ಕಾಣಿಸಿಕೊಂಡರು. ತೀರಿಕೊಂಡವರ ತಂಗಿ. ಬೆಳಗಿನಿಂದ ಅತ್ತೂ ಅತ್ತೂ ಅವರ ಮೂಗು ಕೆಂಪಾಗಿತ್ತು. "ಅಲ್ಲಿ ನಮ್ಮಕ್ಕನ್ನ ಎತ್ತೋ ಹೊತ್ತು. ಇಲ್ಲಿ ನೀನು ಸಕ್ಕರೆ ಎತ್ತುತಾ ಕೂತಿದೀಯಲ್ಲೇ!"

"ಹೀಗೇ ಬಿಟ್ಟು ಹೋದ್ರೆ ಕಾಗದಕ್ಕೆ ಕಚ್ಕೊಂಡುಬಿಡ್ತವೆ ಚಿಕ್ಕತ್ತೆ. ಆಮೇಲೆ ಅತ್ತೆ ಗಾಡಿ ಇಳಿದು ಬಂದು ಬೈತಾರೆ."

ಚಿಕ್ಕತ್ತೆಗೆ ನಗು ಬಂತು. ನಕ್ಕದ್ದಕ್ಕೆ ಮತ್ತೆ ಅಳು ಬಂತು. "ಬೈತಾಳೆ, ಬೈತಾಳೆ. ಅವಳ ಬಾಯೇನು ಕಮ್ಮೀನಾ?" ಎನ್ನುತ್ತ ಅವರೂ ಒಂದು ತುಂಡನ್ನು ಎರಡು ಬೆರಳಲ್ಲಿ ಹಗುರವಾಗಿ ಎತ್ತಿ ತಟ್ಟೆಗೆ ಇಟ್ಟರು.

ತೀರಿಕೊಂಡವರನ್ನು ಬೀದಿಯ ಜನ ಸಕ್ಕರೆಯಮ್ಮ ಎನ್ನುತ್ತಿದ್ದರು. ಹೆಸರು ಕೇಳಿ ಮಾತೂ ಸಿಹಿಯಾಗಿರಬೇಕು ಎಂದುಕೊಂಡು ಬಂದವರು ಮೊದಲ ದಿನವೇ ಬುದ್ಧಿ ಕಲಿತು ಹೋಗುತ್ತಿದ್ದರು. ಊರಿನಲ್ಲಿ ಎಲ್ಲಿ ಟೀ ಪಾರ್ಟಿ ನಡೆದರೂ, ಮದುವೆ ನಿಶ್ಚಯವಾಗಲಿ, ಯಾರದೋ ನಿವೃತ್ತಿಯಾಗಲಿ, ಮೇಜಿನ ನಡುವೆ ಅವರ ಸಕ್ಕರೆ ಇರಲೇಬೇಕು. ಆಟದ ದಾಳದಷ್ಟು ಬಿಳಿ ತುಂಡು, ಅದರ ನೆತ್ತಿಯ ಮೇಲೊಂದು ನೇರಳೆ ಹೂವು, ಹೂವಿನ ಪಕ್ಕ ಒಂದೇ ಒಂದು ಎಲೆ. ಚಹಾದಲ್ಲಿ ಹಾಕಿದರೆ ಕೆಳಗಿನ ಸಕ್ಕರೆ ಮೊದಲು ಕರಗಿ ಹೂವು ಒಂದು ಗಳಿಗೆ ತೇಲುತ್ತಿತ್ತು. ಆ ಒಂದು ಗಳಿಗೆಗಾಗಿ ಇಷ್ಟೆಲ್ಲ ಪಾಡು.

"ನಾನು ಹೋದ ದಿನ ಬಂದವರಿಗೆ ಅಂಗಡಿ ಸಕ್ಕರೆ ಕೊಟ್ಟೀರಾ ಜೋಕೆ, ಮಣ್ಣಿಂದ ಎದ್ದು ಬರ್ತೀನಿ," ಎಂದು ಅವರು ಹೇಳಿಯೇ ಇಟ್ಟಿದ್ದರು. ಅದಕ್ಕೇ ಈ ತಟ್ಟೆ. ಆದರೆ ಇದರ ಮೇಲಿನ ಹೂವು ಅವರದಲ್ಲ. ಅತ್ತೆ ಹಾಸಿಗೆಯಲ್ಲಿ ಮಾತು ನಿಲ್ಲಿಸಿದ ಮೇಲೆ ಸೊಸೆಯೇ ಕೂತು ಹಾಕಿದ್ದು. ಮೋಡದ ದಿನ, ಇವತ್ತು ಬೆಳಿಗ್ಗೆಯವರೆಗೂ ಸರಿಯಾಗಿ ಒಣಗಿರಲಿಲ್ಲ.

ಅವಳಿಗೆ ಸಾವಿನ ದುಃಖದ ಜೊತೆ ಇನ್ನೊಂದು ಸಂಕಟವಿತ್ತು. ಈ ಕೆಲಸವನ್ನು ಅವಳು ಬಿಡಲಾರಳು. ಟೀ ಪಾರ್ಟಿಗಳ ಕೇಟರಿಂಗ್ ಮಾಡುವ ಯಜಮಾನಿ ಇವತ್ತು ಬರುತ್ತಾರೆ, ಅವರ ಆರ್ಡರಿನ ಮೇಲೇ ಈ ಕೆಲಸ ನಿಂತಿರುವುದು. ಇನ್ನು ಮುಂದೆ ನಾನು ಮಾಡಿಕೊಡುತ್ತೇನೆ ಎಂದು ಅವರಿಗೆ ಒಂದು ಮಾತು ಹೇಳಬೇಕು. ಯಾವ ಮುಖ ಇಟ್ಟುಕೊಂಡು ಹೇಳುವುದು? ಕಲಿತು ಇಷ್ಟು ವರ್ಷವಾದರೂ ಅವಳು ಹೂವು ಹಾಕಿದ ಒಂದು ತುಂಡನ್ನೂ ಅತ್ತೆ ಹೊಸಿಲು ದಾಟಿಸಿರಲಿಲ್ಲ.

ತಟ್ಟೆಯ ಮೇಲೆ ತೆಳು ಬಟ್ಟೆ ಮುಚ್ಚಿ, ಕೈ ತೊಳೆದು, ಅವಳು ಗಾಡಿಯ ಕಡೆ ನಡೆದಳು.

*

ಮದುವೆಯಾಗಿ ಬಂದ ಹೊಸದರಲ್ಲಿ ಅವಳದು ಸಕ್ಕರೆ ಕಲಸುವ ಕೆಲಸ. "ಹಿಡಿದ್ರೆ ಉಂಡೆ ಆಗ್ಬೇಕು, ಬೆರಳು ತಾಗಿಸಿದ್ರೆ ಉದುರ್ಬೇಕು," ಎನ್ನುತ್ತಿದ್ದರು ಅತ್ತೆ. "ನೀರು ಒಂದು ಹನಿ ಜಾಸ್ತಿ ಆಯ್ತೋ ಕಲ್ಲು, ಕಮ್ಮಿ ಆಯ್ತೋ ಮರಳು." ಕಲಸುವುದು ಬಂದ ಮೇಲೆ ಮರದ ಅಚ್ಚಿಗೆ ಒತ್ತುವುದು, ಚಾಕುವಿನ ಬೆನ್ನಿನಿಂದ ಮೇಲೆ ಸವರುವುದು, ಬೋರಲು ಹಾಕಿ ಒಂದೇ ಏಟಿಗೆ ಬಿಡಿಸುವುದು. ಆಮೇಲೆ ಒಂದು ದಿನ ಅವಳು ಕೇಳದೆಯೇ ಕಾಗದದ ಕೋನ್ ಎತ್ತಿಕೊಂಡಳು. ಮೊಟ್ಟೆಯ ಬಿಳಿಗೆ ಪುಡಿ ಸಕ್ಕರೆ ಹಾಕಿ ಕಡೆದು, ಬಣ್ಣ ಬೆರೆಸಿ ತುಂಬಿದ ಕೋನ್.

ಅತ್ತೆ ಕನ್ನಡಕದ ಮೇಲಿನಿಂದ ನೋಡಿದರು. "ಎಡಗೈಯಾ?"

"ಬಲಗೈಲಿ ಬರಲ್ಲ ಅತ್ತೆ. ಸ್ಕೂಲಲ್ಲಿ ಟೀಚರ್ ಎಷ್ಟು ಹೊಡೆದ್ರೂ ಬರ್ಲಿಲ್ಲ."

"ನಾನು ಹೊಡೆಯಲ್ಲ ಬಿಡು. ನನಗೆಲ್ಲಿದೆ ಪುರುಸೊತ್ತು."

ಹೂವು ಹೇಗೋ ಬಂತು. ಎಲೆ ಬರಲಿಲ್ಲ. ಎಲೆಗೆ ಕೋನಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಒತ್ತಿ, ಮೆಲ್ಲನೆ ಎಳೆದು ಬಿಡಬೇಕು. ಅತ್ತೆಯ ಎಲೆ ಬಲಕ್ಕೆ ವಾಲುತ್ತಿತ್ತು. ಇವಳದು ಎಡಕ್ಕೆ.

"ಎಲೆ ಮುನಿಸ್ಕೊಂಡು ಆ ಕಡೆ ತಿರುಗಿ ಕೂತಿದೆ. ಡಬ್ಬಿಗೆ ಹಾಕು," ಎಂದರು ಅತ್ತೆ.

ಡಬ್ಬಿ ಎಂದರೆ ಮನೆಯ ಚಹಾಕ್ಕೆ ಇಟ್ಟ ತಗಡಿನ ಡಬ್ಬಿ. ಒಡೆದದ್ದು, ಅಂಚು ಹೋದದ್ದು, ಬಣ್ಣ ಹರಿದದ್ದು ಎಲ್ಲ ಅದಕ್ಕೆ. ಅವಳು ಕೋನ್ ಸರಿಯಿಲ್ಲ ಎಂದಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದರು. ಹೇಳಿದ್ದಷ್ಟೇ ಅಲ್ಲ, ಮರುದಿನದಿಂದ ಅವಳ ಕೋನಿನ ತುದಿಯನ್ನು ತಾವೇ ಇನ್ನೊಂದು ಓರೆಗೆ ಕತ್ತರಿಸಿ ಕೊಟ್ಟರು. ಎಸಳು ತೆಳುವಾಯಿತು, ಎಲೆಯ ತುದಿ ಚೂಪಾಯಿತು. ವಾಲುವುದು ಮಾತ್ರ ಎಡಕ್ಕೇ. ಒಮ್ಮೆ ಅತ್ತೆ, "ಇವತ್ತಿಂದು ಹೆಡ್‌ಮಾಸ್ತರ ಪಾರ್ಟಿಗೆ, ಅರ್ಧ ನೀನು ಹಾಕು," ಎಂದರು. ಅಷ್ಟೇ ಸಾಕಾಯಿತು. ಅವಳ ಕೈ ನಡುಗಿ ಒಂದಿಡೀ ತಟ್ಟೆ ಗಬ್ಬೆದ್ದು ಹೋಯಿತು. ಅತ್ತೆ ಬೈಯಲಿಲ್ಲ. "ಸರಿ, ನೀನು ಡಬ್ಬಿಗೇ ಹಾಕ್ತಾ ಇರು," ಎಂದರು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಆಮೇಲೆ ಅವಳು ಡಬ್ಬಿಗೇ ಹಾಕುತ್ತ ಬಂದಳು. ಹೆದರಿಕೆಯಿಲ್ಲದೆ, ರಾಶಿ ರಾಶಿ. ಬಾಕ್ಸ್ ತುಂಬುವುದು, ದಾರ ಕಟ್ಟುವುದು ಅತ್ತೆಯದೇ ಕೆಲಸ, ಆಗ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ. ಎಷ್ಟು ಹಾಕಿದರೂ ಡಬ್ಬಿ ತುಂಬುತ್ತಿರಲಿಲ್ಲ. ಮಕ್ಕಳೇ ಕದ್ದು ತಿನ್ನುತ್ತಿದ್ದಾರೆ ಎಂದು ಅವಳು ಎಷ್ಟು ಸಲ ಅವರ ಕಿವಿ ಹಿಂಡಿದ್ದಳೋ.

*

ಮಣ್ಣು ಮುಗಿಸಿ ಬಂದವರು ಕೈಕಾಲು ತೊಳೆದು ನಡುಮನೆಯಲ್ಲಿ ಸಿಕ್ಕಸಿಕ್ಕಲ್ಲಿ ಕೂತರು. ಕುರ್ಚಿ ಸಾಲದೆ ಪಕ್ಕದ ಮನೆಯ ಟೈಲರ್ ತನ್ನ ಅಂಗಡಿಯ ಬೆಂಚನ್ನೇ ಹೊತ್ತು ತಂದಿದ್ದ. ಸೊಸೆ ಕೆಟಲ್ ಹಿಡಿದು ಚಹಾ ಬಗ್ಗಿಸುತ್ತ ಬಂದಳು. ಚಿಕ್ಕತ್ತೆ ಹಿಂದಿನಿಂದ ಸಕ್ಕರೆ ತಟ್ಟೆ ತಂದರು. ತಟ್ಟೆ ಹತ್ತಿರ ಬಂದಾಗ ಮಾತಾಡುತ್ತಿದ್ದವರೂ ಬಗ್ಗಿ ನೋಡುತ್ತಿದ್ದರು.

"ಇದನ್ನ ಹೇಗೆ ಹಾಕೋದು ಚಹಾಕ್ಕೆ? ಮನಸ್ಸೇ ಬರಲ್ಲ," ಎಂದ ಟೈಲರ್.

"ಹಾಕ್ಲಿಲ್ಲ ಅಂದ್ರೆ ಅವರಿಗೆ ಸಿಟ್ಟು ಬರ್ತಿತ್ತು. ಷೋಕೇಸಿಗೆ ಮಾಡಿದ್ದೇನೋ ಇದನ್ನ ಅಂತಿದ್ರು," ಎಂದರು ಕೇಟರಿಂಗ್ ಯಜಮಾನಿ. ಎತ್ತರದ ಹೆಂಗಸು, ದನಿಯೂ ಎತ್ತರದ್ದೇ, ಇವತ್ತು ಮಾತ್ರ ತಗ್ಗಿಸಿದ್ದರು. "ನನಗೆ ಶನಿವಾರ ಒಂದು ಪಾರ್ಟಿ ಇದೆ. ಇನ್ನು ವಿಧಿಯಿಲ್ಲ, ಫ್ಯಾಕ್ಟರಿ ಸಕ್ಕರೆ ತರಿಸ್ಬೇಕು. ಅಂಥ ಕೈ ಎಲ್ಲಿಂದ ತರೋದು?"

ಹೇಳಬೇಕಾದ ಗಳಿಗೆ ಇದೇ ಎಂದು ಸೊಸೆಗೆ ಗೊತ್ತಾಯಿತು. ಆದರೂ ಅವಳು ಪಕ್ಕದ ಕಪ್ಪಿಗೆ ಚಹಾ ಬಗ್ಗಿಸಿದಳು.

ಯಜಮಾನಿ ಒಂದು ತುಂಡನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. "ಪಾಪ, ಕೊನೇ ಸಲಾನೂ ಎಡಗೈಲೇ ಹಾಕಿದಾರೆ ನೋಡಿ."

"ಯಾರು, ಸಕ್ಕರೆಯಮ್ಮಾನಾ? ಎಡಗೈಲಾ?" ಎಂದ ಟೈಲರ್.

"ಕೆಲವು ವರ್ಷದಿಂದ ಹಾಗೇ. ಮೊದಮೊದಲು ಬಾಕ್ಸಿಗೆ ಒಂದೋ ಎರಡೋ ಎಲೆ ಹೀಗೆ ತಿರುಗಿದ್ದು ಬರ್ತಿತ್ತು. ಆಮೇಲೆ ಅರ್ಧಕ್ಕರ್ಧ. ಒಂದು ಪಾರ್ಟೀಲಿ ಯಾರೋ ಇದೇನು ಎಲೆ ಉಲ್ಟಾ ಅಂದ್ರು. ನಾನು ಹೋಗಿ ಕೇಳ್ದೆ. ಬಲಗೈ ಮಣಿಕಟ್ಟು ಹಿಡ್ಕೊಂಡಿದೆ, ಎಡಗೈಲಿ ಅಭ್ಯಾಸ ಮಾಡ್ತಿದೀನಿ, ವಯಸ್ಸಾದವಳು, ಸ್ವಲ್ಪ ಸಹಿಸ್ಕೊಳ್ಳಿ ಅಂದ್ರು. ಆ ಹೆಂಗಸಿನ ಬಾಯಲ್ಲಿ 'ಸಹಿಸ್ಕೊಳ್ಳಿ' ಅನ್ನೋ ಮಾತು! ಕೇಳಿದ್ದಕ್ಕೆ ನನಗೇ ನಾಚಿಕೆ ಆಯ್ತು."

"ಮಣಿಕಟ್ಟು?" ಚಿಕ್ಕತ್ತೆ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಹಾಸಿಗೆ ಹಿಡಿಯೋ ಮುಂಚೆ ಒದ್ದೆ ಕಂಬಳೀನ ಒಬ್ಬಳೇ ಹಿಂಡಿ ಹಾಕಿದಾಳೆ. ಅವಳ ಮಣಿಕಟ್ಟಿಗೇನು ಧಾಡಿಯಾಗಿತ್ತು?"

ಸೊಸೆ ಕೆಟಲ್ ಹಿಡಿದು ನಿಂತೇ ಇದ್ದಳು. ಡಬ್ಬಿ ಯಾಕೆ ತುಂಬಲಿಲ್ಲ ಎಂದು ಈಗ ತಿಳಿಯಿತು. ಮಕ್ಕಳು ಒಂದನ್ನೂ ತಿಂದಿರಲಿಲ್ಲ. ಯಾರ ಮುಂದೂ ಎಳ್ಳಷ್ಟೂ ತಗ್ಗದ ಆ ಹೆಂಗಸು, ತನ್ನ ಕೈ ಸೋತಿದೆ ಎಂದು ಯಜಮಾನಿಯ ಹತ್ತಿರ ಹೇಳಿಕೊಂಡು, ಸೊಸೆಯ ಎಲೆಗಳನ್ನು ತನ್ನ ಹೆಸರಿನಲ್ಲಿ ಪಾರ್ಟಿ ಪಾರ್ಟಿಗೆ ಕಳಿಸಿದ್ದರು. ತಪ್ಪಾದರೆ ತನ್ನ ತಲೆಗೆ ಬರಲಿ ಎಂದು. ಗೊತ್ತಾದರೆ ಹುಡುಗಿಯ ಕೈ ನಡುಗುತ್ತದೆ ಎಂದು ಒಂದು ಮಾತೂ ಆಡದೆ. ಹೆತ್ತ ತಾಯಿಯೂ ಇಷ್ಟು ಮಾಡಲಾರಳು ಎಂದು ಅವಳಿಗೆ ಅನ್ನಿಸಿತು. ಅವಳು ಬೆಳಗಿನಿಂದ ಅತ್ತಿರಲಿಲ್ಲ. ಈಗ ಕಣ್ಣು ತುಂಬಿ ಎದುರಿನ ಕಪ್ಪೇ ಕಾಣದಾಯಿತು.

"ಫ್ಯಾಕ್ಟರಿದು ತರಿಸ್ಬೇಡಿ," ಎಂದಳು.

"ಏನಮ್ಮಾ?"

"ಆ ಎಡಗೈ ನಂದು."

ಯಜಮಾನಿ ಅವಳ ಮುಖ ನೋಡಿದರು, ಆಮೇಲೆ ಅವಳು ಕೆಟಲ್ ಹಿಡಿದ ಕೈ ನೋಡಿದರು.

"ಅಯ್ಯೋ ನನ್ನ ಕುರುಡುಗಣ್ಣೇ," ಎಂದರು ಕೊನೆಗೆ. ತಗ್ಗಿಸಿದ್ದ ದನಿ ಮರೆತೇ ಹೋಗಿತ್ತು. "ಉಲ್ಟಾ ಅಂದಿದ್ದ ಜನಾನೇ ಆಮೇಲೆ ಹಾಗೇ ಬೇಕು ಅನ್ನೋಕೆ ಶುರು ಮಾಡಿದ್ರು, ಗೊತ್ತಾ ನಿನಗೆ? ಒಂದು ಬಲಕ್ಕೆ, ಒಂದು ಎಡಕ್ಕೆ, ಪಕ್ಕಪಕ್ಕ ಇಟ್ರೆ ಜೋಡಿ ಆಗುತ್ತೆ ಅಂತ. ನಿಮ್ಮತ್ತೆಗೆ ಬಂದು ಹೇಳ್ದೆ. ಏನಂದ್ರು ಅಂತೀಯಾ? 'ಹೌದಾ? ಎಡಗೈಗೆ ಹೇಳ್ತೀನಿ ಬಿಡಿ.' ನಾನು ತಮಾಷೆ ಅಂದ್ಕೊಂಡು ನಕ್ಕು ಹೋದೆ."

*

ಆ ದಿನ ಅವಳಿಗೆ ನೆನಪಿತ್ತು. ಯಜಮಾನಿ ಬಂದು ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದು, ಅವಳ ಕೈಯಿಂದ ಸೌಟು ಕಿತ್ತುಕೊಂಡು, "ಹೋಗಿ ಕೂತ್ಕೋ," ಎಂದಿದ್ದರು. ಏನು ತಪ್ಪಾಯಿತೋ ಎಂದು ಅವಳು ಹೆದರಿ ಕೂತಳು. ಅತ್ತೆ ತಾವೇ ಚಹಾ ಮಾಡಿ ತಂದು ಮುಂದಿಟ್ಟರು. ನೆಂಟರಿಗೆ ತೆಗೆಯುವ ಕಪ್ಪು, ಸಾಸರಿನಲ್ಲಿ ಎರಡು ಸಕ್ಕರೆ ತುಂಡು.

"ಏನತ್ತೆ ಇವತ್ತು?"

"ಏನಿಲ್ಲ. ಆರಿ ಹೋಗುತ್ತೆ, ಕುಡಿ," ಎಂದು ಅತ್ತೆ ಎದುರಿಗೇ ಕೂತು, ಅವಳು ಕುಡಿದು ಮುಗಿಸುವ ತನಕ ನೋಡುತ್ತಿದ್ದರು.

*

"ಶನಿವಾರಕ್ಕೆ ನೀನೇ ಮಾಡು," ಎಂದರು ಯಜಮಾನಿ ಹೊರಡುವಾಗ, ಅವಳ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು. "ಜೋಡಿ ಆಗಲ್ಲ, ಅಷ್ಟೇ."

"ಆಗಲ್ಲ," ಎಂದಳು ಸೊಸೆ.

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಟೈಲರ್ ಬೆಂಚು ಹೊತ್ತುಕೊಂಡ. ಚಿಕ್ಕತ್ತೆ ಕಪ್ಪು ತೊಳೆಯಲು ಕೂತು, ಅಕ್ಕನನ್ನು ಬಾಯಿತುಂಬ ಬೈಯುತ್ತಿದ್ದರು. "ಕಳ್ಳಿ, ನನಗಾದ್ರೂ ಹೇಳ್ಬಾರ್ದಾಗಿತ್ತಾ? ಒಡಹುಟ್ಟಿದವಳಿಗೆ?" ಬೈಯುತ್ತ ಅಳುತ್ತಿದ್ದರು, ಅಳುತ್ತ ನಗುತ್ತಿದ್ದರು.

ಹಿಂದಿನ ಕೋಣೆಯಲ್ಲಿ ಏನೋ ಎಳೆದ ಸದ್ದಾಯಿತು. ಸೊಸೆ ಹೋಗಿ ನೋಡಿದಳು. ಗಂಡ ಅಮ್ಮನ ಕೆಲಸದ ಮೇಜಿನ ಒಂದು ತುದಿ ಹಿಡಿದು ಬಗ್ಗಿದ್ದ. ಬಸ್ ಓಡಿಸುವ ಮನುಷ್ಯ, ಮನೆಯಲ್ಲಿ ಮಾತು ಕಮ್ಮಿ. ಇಡೀ ದಿನ ಅವನು ಆಡಿದ ಮಾತುಗಳನ್ನು ಒಂದು ಚಮಚದಲ್ಲಿ ಹಿಡಿಯಬಹುದಿತ್ತು.

"ಏನ್ರೀ ಮಾಡ್ತಿದೀರಿ?"

"ಆ ಕಡೆ ಹಿಡಿ."

ಮೇಜು ಕಿಟಕಿ ಎಡಕ್ಕೆ ಬರುವಂತೆ ನಿಂತಿತ್ತು. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಅದೇ ಸರಿ. ಅವಳು ಕೂತಾಗಲೆಲ್ಲ ಅವಳ ಕೈಯ ನೆರಳು ಅವಳ ಹೂವಿನ ಮೇಲೇ ಬೀಳುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅದನ್ನು ಹೇಳಬಹುದು ಎಂದೇ ಅವಳಿಗೆ ಹೊಳೆದಿರಲಿಲ್ಲ. ಅವಳು ಇನ್ನೊಂದು ತುದಿ ಹಿಡಿದಳು. ಭಾರದ ಮೇಜು, ಇಬ್ಬರೂ ಏದುಸಿರು ಬಿಡುತ್ತ ಅದನ್ನು ಅರ್ಧ ಸುತ್ತು ತಿರುಗಿಸಿ ಸ್ವಲ್ಪ ಆಚೆ ಸರಿಸಿದರು. ಕುರ್ಚಿಯನ್ನೂ ಆಚೆ ಬದಿಗೆ ತಂದಿಟ್ಟು ಅವನು ಹೊರಗೆ ಹೋದ.

ಅವಳು ಕೂತಳು. ನೆಲದ ಮೇಲೆ ಮೇಜಿನ ಕಾಲುಗಳು ಇಷ್ಟು ವರ್ಷ ಊರಿದ್ದ ಜಾಗದಲ್ಲಿ ನಾಲ್ಕು ಸಣ್ಣ ಗುಳಿಗಳು ಬಿದ್ದಿದ್ದವು. ಅವಳು ಹೊಸ ಕಾಗದ ಹಾಸಿ, ಎಡಗೈಯನ್ನು ಅದರ ಮೇಲಿಟ್ಟಳು. ಹೊರಗೆ ಮೋಡ ಇನ್ನೂ ಸರಿದಿರಲಿಲ್ಲ. ಇದ್ದಷ್ಟು ಬೆಳಕು ಬಲಗಡೆಯಿಂದ ಬಂದು, ಕಾಗದದ ಈ ಅಂಚಿನಿಂದ ಆ ಅಂಚಿನವರೆಗೂ ಬೆಳ್ಳಗೆ ಬಿದ್ದಿತ್ತು.