ಮೋರಿ ನೀರಿಗೆ ಬಂದ ಮರ್ಯಾದೆ

ಕರಿಬಸವಯ್ಯನವರ ಹಸು ಗೌರಿಗೆ ಕೆಚ್ಚಲು ಬಾವು ಬಂದು ಹಾಲು ಗಂಟುಗಂಟಾಗಿ ಇಳಿಯುತ್ತಿತ್ತು. ಹಾಕದ ಇಂಜೆಕ್ಷನ್ ಇಲ್ಲ, ಒಂದಕ್ಕೂ ರೋಗ ಜಗ್ಗಲಿಲ್ಲ. ವಾಸಿಯಾಗದಿದ್ದರೆ ಸಂತೆಗೆ ಹೊಡೆಯೋದೇ ಎಂದು ಮಗ ಬಸವಪ್ರಭು ಹೇಳಿಬಿಟ್ಟಿದ್ದ. ಗೌರಿ ಹುಟ್ಟಿದಾಗ ಅದರ ಮೂಗಿನ ಲೋಳೆ ಒರೆಸಿದ ಕೈ ಕರಿಬಸವಯ್ಯನವರದು. ಆ ಮಾತು ಕೇಳಿದಂದಿನಿಂದ ಅವರು ಮುದ್ದೆ ಅರ್ಧಕ್ಕೇ ಬಿಟ್ಟು ಕೊಟ್ಟಿಗೆಗೆ ಎದ್ದು ಹೋಗುತ್ತಿದ್ದರು.

ತುಮಕೂರಿನಿಂದ ದನದ ಡಾಕ್ಟರು ಅನುಪಮಾ ಫೋನ್ ಮಾಡಿದರು. "ಯಜಮಾನ್ರೇ, ಇಂಜೆಕ್ಷನ್‌ಗೆ ಸಾಯದ ಬ್ಯಾಕ್ಟೀರಿಯಾನ ಕೊಲ್ಲೋ ವೈರಸ್ ಇರ್ತವೆ, ಫೇಜ್ ಅಂತ. ಕೊಳಕಲ್ಲೇ ಜಾಸ್ತಿ ಸಿಗ್ತವೆ. ನಾಳೆ ಬಂದು ನಿಮ್ಮ ಕೊಟ್ಟಿಗೆ ಮೋರಿ ನೀರು ತಗೊಂಡೋಗ್ತೀನಿ."

ಕರಿಬಸವಯ್ಯನವರು ಹೆಂಡತಿ ಶಿವರುದ್ರಮ್ಮನಿಗೆ ಹೇಳಿದ್ದು ಇಷ್ಟೇ: "ಬೆಳಿಗ್ಗೆ ಡಾಕ್ಟ್ರಮ್ಮ ಕೊಟ್ಟಿಗೆ ನೋಡೋಕೆ ಬರ್ತಾರಂತೆ."

ಮಾತು ಕಮ್ಮಿ ಆಡುವವರಿಗೆ ಬರುವ ಕಷ್ಟವೇ ಇದು. ಅವರು ತೋಟದಿಂದ ಬರುವಷ್ಟರಲ್ಲಿ ಶಿವರುದ್ರಮ್ಮ ಕೊಟ್ಟಿಗೆ ಉಜ್ಜಿ, ಮೋರಿಗೆ ಫಿನಾಯಿಲ್ ಸುರಿದು, ಬ್ಲೀಚಿಂಗ್ ಪುಡಿ ಎರಚಿ, ಮೋರಿ ಬಾಯಿಗೆ ರಂಗೋಲಿಯನ್ನೂ ಬಿಟ್ಟಿದ್ದರು.

ಅನುಪಮಾ ಖಾಲಿ ಬಾಟಲಿ ಹಿಡಿದು ಮೋರಿ ಮುಂದೆ ನಿಂತರು. "ಅಮ್ಮಾ, ಇದರಲ್ಲಿ ಏನೂ ಬದುಕಿಲ್ವಲ್ಲ!"

"ಇಲ್ಲ ತಾಯಿ, ಒಂದು ಸೊಳ್ಳೇನೂ ಇಲ್ಲ," ಎಂದು ಶಿವರುದ್ರಮ್ಮ ಹಿಗ್ಗಿದರು.

"ಕುಣಿಗಲ್ ಮೋರಿಯಿಂದ ತೆಗೆದ ಫೇಜ್ ನಮ್ಮ ಲ್ಯಾಬಲ್ಲಿದೆ. ಆದ್ರೆ ನಿಮ್ಮ ಗೌರಿ ರೋಗಾಣೂನ ಅದು ಮುಟ್ಟಲಿಲ್ಲ. ಈ ಊರಲ್ಲೇ ಯಾರದಾದ್ರೂ ಕೊಳಕು ಮೋರಿ ಇದ್ಯಾ?"

ಗುಬ್ಬಿ ಸೀಮೆಯಲ್ಲಿ ಒಬ್ಬರ ಬಾಗಿಲಿಗೆ ಹೋಗಿ "ನಿಮ್ಮ ಮೋರಿ ಕೊಳಕಾ?" ಎಂದು ಕೇಳುವುದಕ್ಕಿಂತ ಹೆಣ್ಣು ಕೇಳುವುದು ಸಲೀಸು. ಆದರೂ ಕರಿಬಸವಯ್ಯನವರು ಹೊರಟರು.

"ನಮ್ ಮೋರೀಲಿ ಅನ್ನ ಕಲಸ್ಕೊಂಡು ಉಣ್ಬೋದು ಕಣಯ್ಯಾ," ಎಂದ ಪಕ್ಕದ ಮನೆ ಅಂಜಿನಪ್ಪ. ಅವನ ಬೆನ್ನ ಹಿಂದೆ ಅವನ ಎಮ್ಮೆ ಅದೇ ಮೋರಿಯಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು.

ಮೂಲೆಮನೆಯ ದೊಡ್ಡಗಂಗಮ್ಮ ಸೆರಗು ಸಿಕ್ಕಿಸಿಕೊಂಡೇ ಬಂದಳು. "ನಮ್ ಮೋರಿ ಕೊಳಕು ಅಂತ ಯಾವನ್ ಹೇಳ್ದೋನು?"

ಕರಿಬಸವಯ್ಯನವರು ಜಗುಲಿ ಮೇಲೆ ಕೂತು ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚಿದರು. ದೊಡ್ಡಗಂಗಮ್ಮನ ವಾರಗಿತ್ತಿ ಕುಣಿಗಲ್ಲಿನವಳು. ಯಾವುದೋ ಕಾಲದ ಯುಗಾದಿಯಲ್ಲಿ ಅವಳು ಇವಳ ಒಬ್ಬಟ್ಟಿಗೆ ಹೆಸರಿಟ್ಟಿದ್ದು ಊರಿಗೆಲ್ಲ ಮರೆತಿತ್ತು, ಕರಿಬಸವಯ್ಯನವರಿಗೆ ಮರೆತಿರಲಿಲ್ಲ.

"ಬುಡವ್ವ. ಕುಣಿಗಲ್ ಮೋರಿ ನೀರು ಬೋ ಹೆಸರುವಾಸಿಯಂತೆ. ಅಂಥಾದ್ದು ನಮ್ಮೂರಲ್ಲಿಲ್ಲ ಅಂತ ಡಾಕ್ಟ್ರಮ್ಮಂಗೆ ಹೇಳ್ಬುಡ್ತೀನಿ."

"ಕುಣಿಗಲ್ದಾ?" ದೊಡ್ಡಗಂಗಮ್ಮನ ಮೂಗುಬೊಟ್ಟು ಅದುರಿತು. "ಅದ್ಯಾವ ಸೀಮೆ ಮೋರಿ ಕಣಣ್ಣ! ನಮ್ದು ನಮ್ಮತ್ತೆ ಕಾಲದಿಂದ ಬಳಿದಿಲ್ಲ! ಇಲ್ಲೇ ಕೂತಿರಿ!"

ಒಳಗಿಂದ ತನ್ನ ಹಿತ್ತಾಳೆ ಚೊಂಬನ್ನೇ ತಂದು, ತಳ ಕೆದಕಿ, ತುಂಬ ಮೊಗೆದು ಕೊಟ್ಟಳು.

ಆ ಕಪ್ಪು ನೀರು ತುಮಕೂರಿನ ಲ್ಯಾಬ್ ಸೇರಿತು. ಅದರಲ್ಲಿ ಬೇಕಾದ ಫೇಜ್ ಸಿಕ್ಕಿತು. ಕೆಲವು ವಾರ ಬಿಟ್ಟು ಅನುಪಮಾ ಅದನ್ನು ಶುದ್ಧ ಮಾಡಿ ತಂದು, "ಇದು ಪರೀಕ್ಷೆ, ಮಾತು ಕೊಡಲ್ಲ" ಎನ್ನುತ್ತಲೇ ಗೌರಿಯ ಮೊಲೆತೊಟ್ಟಿಗೆ ಏರಿಸಿದರು. ಬಾವು ಇಳಿಯಿತು. ಹಾಲು ತಿಳಿಯಾಯಿತು. ಬಸವಪ್ರಭು ಸಂತೆಯ ಸುದ್ದಿ ಬಿಟ್ಟ.

ಈಗ ಅಂಜಿನಪ್ಪ ದಾರಿಗೆ ಅಡ್ಡ ನಿಂತು, "ನಮ್ ಮೋರಿ ಯಾವುದ್ರಲ್ಲಿ ಕಮ್ಮಿ? ಮುಂದಿನ ಸಲ ನಮ್ದೇ ತಗೋಬೇಕು," ಎನ್ನತೊಡಗಿದ.

ಕೊಟ್ಟ ಪಾತ್ರೆ ಬರಿದಾಗಿ ಹಿಂತಿರುಗಬಾರದು. ಕರಿಬಸವಯ್ಯನವರು ಗೌರಿಯ ಹಾಲು ಕಾಯಿಸಿ ಅದೇ ಚೊಂಬಿನಲ್ಲಿ ಒಯ್ದರು. ದೊಡ್ಡಗಂಗಮ್ಮ ಹಾಲು ನೋಡಿದಳು, ಚೊಂಬು ನೋಡಿದಳು, ಮೂಸಿದಳು.

"ಇದನ್ನ ಬೆಳಗಿದ್ದು ಯಾರು?"

"ಶಿವರುದ್ರಿ ಕಣವ್ವ."

"ಹಂಗಾರೆ ಸರಿ," ಎಂದು ದೊಡ್ಡಗಂಗಮ್ಮ ಚೊಂಬೆತ್ತಿ ಗಟಗಟ ಕುಡಿದಳು.