ಬೂದು ಕೋಟಿನ ಹುಡುಗಿ

ಕಾಮಿಕ್ಸ್ ಅಂಗಡಿಯ ಕರ್ಟಿಸ್ ಗಲ್ಲಾದ ಹಿಂದೆ ಬಗ್ಗಿ, ‘ಸೋಪ್ಕೊ’ ಎಂದು ಬರೆದಿದ್ದ ರಟ್ಟಿನ ಡಬ್ಬವನ್ನು ಎಳೆದು ಮೇಲಿಟ್ಟ. ನವೆಂಬರಿನಿಂದ ತೆಗೆದಿಟ್ಟ ಕಾಮಿಕ್ಸ್ ಅದರಲ್ಲಿ ಹಾಗೇ ಕೂತಿದ್ದವು. ವರ್ನಾ ಕೈಗವಸನ್ನೂ ಬಿಚ್ಚದೆ ನಿಂತಿದ್ದಳು. ಎರಡು ನಿಮಿಷದ ಕೆಲಸ ಎಂದುಕೊಂಡೇ ಅವಳು ಬಂದದ್ದು. ಗಂಡ ತೀರಿಕೊಂಡಿದ್ದಾನೆ, ಇನ್ನು ಅವನ ಹೆಸರಿಗೆ ಏನೂ ತೆಗೆದಿಡಬೇಡಿ ಎಂದು ಹೇಳಿ ಹೊರಟುಬಿಡುವುದು. ಹೇಳಿಯೂ ಆಗಿತ್ತು.

“ಬುಧವಾರ ತಪ್ಪಿಸ್ದೋರಲ್ಲ ಅವ್ರು. ಬರೋದು ನಿಂತಾಗ್ಲೇ ಏನೋ ಆಗಿದೆ ಅಂದ್ಕೊಂಡೆ, ಮಿಸೆಸ್ ಸೋಪ್ಕೊ” ಎಂದ ಕರ್ಟಿಸ್. “ಫೋನ್ ಮಾಡಿ ಕೇಳೋಕೆ ಧೈರ್ಯ ಬರ್ಲಿಲ್ಲ.”

ಹೊಸ ಕಾಮಿಕ್ಸ್ ಬರುವುದು ಬುಧವಾರ. ಒಹಾಯೊದ ಈ ಊರಿನಲ್ಲಿ ನೀರಿನ ಮೀಟರ್ ನೋಡಿಕೊಂಡು ನಿವೃತ್ತನಾದ ಅವಳ ಗಂಡ ಎಮೆಟ್‌ಗೆ ವಾರದಲ್ಲಿ ಇದ್ದದ್ದೇ ಆ ಒಂದು ದಿನ. ಸಂಜೆ ಊಟದ ಮೇಜಿಗೆ ಕೂತು ಯಾವ ಸೂಪರ್‌ಹೀರೋಗಳ ತಂಡ ಒಡೆಯಿತು, ಯಾವ ವೀರ ಸತ್ತು ಮತ್ತೆ ಎದ್ದು ಬಂದ ಎಂದು ಶುರುಮಾಡಿದರೆ ಮುಗಿಯುತ್ತಿರಲಿಲ್ಲ. ವರ್ನಾ ಅದನ್ನೆಲ್ಲ ಕಿವಿಯ ಮೇಲೆ ಹಾಕಿಕೊಳ್ಳದೆ ಹೂಂಗುಟ್ಟುತ್ತಿದ್ದಳು. ಮೂವತ್ತೇಳು ವರ್ಷ ಹೂಂಗುಟ್ಟುವುದೇನು ಸಣ್ಣ ಕೆಲಸವೇ.

ಕರ್ಟಿಸ್ ಡಬ್ಬದ ಮೇಲ್ಗಡೆಯ ಸಂಚಿಕೆಯನ್ನು ತೆಗೆದ. ‘ಹಾರ್ಬರ್ ಸೆವೆನ್’ ಎಂಬ ಹೊಸ ತಂಡದ್ದು, ಐದನೆಯದು, ಆವತ್ತು ಬೆಳಗ್ಗೆ ತಾನೆ ಬಂದದ್ದು.

“ನೀವು ಆ ಬೂದು ಕೋಟಿನ ಹುಡುಗಿ ಕಡೆಯವ್ರಲ್ವಾ?” ಎಂದ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಅವನು ಕೊನೆಯ ಪುಟ ತೆಗೆದು ಅವಳ ಕಡೆ ತಿರುಗಿಸಿದ. ಓದುಗರ ಪತ್ರಗಳ ಪುಟ. ಎಮೆಟ್ ಇಪ್ಪತ್ತು ವರ್ಷಗಳಿಂದ ಪತ್ರ ಹಾಕುತ್ತಿದ್ದನಂತೆ, ಒಂದೂ ಅಚ್ಚಾಗಿರಲಿಲ್ಲವಂತೆ. ಇದು ಅವನು ಸೆಪ್ಟೆಂಬರಿನಲ್ಲಿ ಮೊದಲ ಸಂಚಿಕೆಗೆ ಬರೆದದ್ದು. ಪತ್ರ ಅಚ್ಚಿಗೆ ಬರಲು ಮೂರು ನಾಲ್ಕು ತಿಂಗಳು ಹಿಡಿಯುವುದು ಇದ್ದದ್ದೇ ಎಂದ ಕರ್ಟಿಸ್.

ವರ್ನಾ ಕನ್ನಡಕ ಹುಡುಕಿ ಹಾಕಿಕೊಂಡು ಓದಿದಳು.

“ಸಂಪಾದಕರಿಗೆ, ನಿಮ್ಮ ಹೊಸ ತಂಡ ನನ್ನನ್ನು ಕೇಳಿದರೆ ಸಪ್ಪೆ. ಏಳು ಜನರನ್ನು ಒಂದು ಕೋಣೆಯಲ್ಲಿ ನಿಲ್ಲಿಸಿದ ಮಾತ್ರಕ್ಕೆ ತಂಡ ಆಗುವುದಿಲ್ಲ. ಯಾರೂ ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ. ಎಲ್ಲರೂ ಕಿಟಕಿಯ ಕಡೆ ತಿರುಗಿ ಭಾಷಣ ಬಿಗಿಯುತ್ತಾರೆ. ಮೊದಲ ಸಂಚಿಕೆಗೇ ನಿಲ್ಲಿಸಿಬಿಡೋಣ ಎಂದುಕೊಂಡಿದ್ದೆ. ಆದರೆ ನನ್ನ ಹೆಂಡತಿ ವರ್ನಾ ಓದಿ, ಬೂದು ಕೋಟಿನ ಹುಡುಗಿ ಚೆನ್ನಾಗಿದ್ದಾಳೆ ಎಂದಳು. ಮದುವೆಯಾದ ಮೇಲೆ ಅವಳು ಓದಿದ ಮೊದಲ ಕಾಮಿಕ್ಸ್ ಇದು. ಅವಳು ಸುಮ್ಮಸುಮ್ಮನೆ ಹೊಗಳುವವಳಲ್ಲ. ಹಾಗಾಗಿ ಮತ್ತೆ ಮೊದಲಿಂದ ಓದಿದೆ. ಅವಳ ಮಾತು ನಿಜ. ಬೇರೆಯವರು ಹೇಳುವುದನ್ನು ಕೇಳಿಸಿಕೊಳ್ಳುವವಳು ಆ ಹುಡುಗಿಯೊಬ್ಬಳೇ. ನನ್ನ ಅಭಿಪ್ರಾಯ ಬದಲಿಸಿದ್ದೇನೆ. ದಯವಿಟ್ಟು ಅವಳನ್ನು ಕೊಲ್ಲಬೇಡಿ. ನನ್ನ ಪ್ರತಿಯ ಮುಖಪುಟದ ಮೇಲೆ ವರ್ನಾಳ ಕಾಫಿ ಲೋಟದ ಕಲೆ ಇದೆ. ಅಂಗಡಿಯವರು ಬೇರೆ ಕೊಡುತ್ತೇನೆಂದರು. ಬೇಡವೆಂದೆ.”

ಅವಳಿಗೆ ಎಲ್ಲ ನೆನಪಿತ್ತು. ಒಮ್ಮೆ ಓದಿ ನೋಡು ಎಂದು ಅವನು ಅದನ್ನು ಮೇಜಿನ ಮೇಲೆ ಇಟ್ಟುಹೋಗಿದ್ದ. ಅವಳು ತಂಗಿಯ ಜೊತೆ ಫೋನಿನಲ್ಲಿದ್ದಳು. ಲೋಟ ಇಡಲು ಏನೋ ಒಂದು ಸಿಕ್ಕಿತು, ಇಟ್ಟಳು. ಮಾರನೆಯ ದಿನ ಹೇಗಿತ್ತು ಎಂದು ಕೇಳಿದಾಗ, ಓದಿಲ್ಲ ಎಂದರೆ ಇವನು ಕಥೆ ಹೇಳಲು ಕೂರುತ್ತಾನಲ್ಲ ಎಂದು ಮುಖಪುಟದಲ್ಲಿ ಕಣ್ಣಿಗೆ ಬಿದ್ದವಳ ಮೇಲೆ ಬೆರಳಿಟ್ಟು, ಇವಳು ಚೆನ್ನಾಗಿದ್ದಾಳೆ ಅಂದಿದ್ದಳು. ಅವನು ಅದನ್ನು ಎತ್ತಿಕೊಂಡು ಹೋಗಿ ಮತ್ತೆ ಓದಲು ಕೂತ. ಅಕ್ಟೋಬರಿನಲ್ಲಿ ಎರಡನೆಯ ಸಂಚಿಕೆಯನ್ನು ಕೇಳದೆಯೇ ಅವಳ ದಿಂಬಿನ ಪಕ್ಕ ಇಟ್ಟ. ಆಮೇಲೆ ನೋಡುತ್ತೇನೆ ಎಂದಳು. ನವೆಂಬರಿನ ಮೊದಲ ವಾರ ಅವನ ಎದೆಬಡಿತ ನಿಂತಾಗಲೂ ಅದು ಅಲ್ಲೇ ಇತ್ತು.

“ನಾನು ಓದಿರ್ಲಿಲ್ಲ” ಎಂದಳು ವರ್ನಾ.

ಕರ್ಟಿಸ್ ತಲೆಯೆತ್ತಿದ.

“ಒಂದು ಪುಟಾನೂ ತೆಗ್ದಿರ್ಲಿಲ್ಲ. ಸುಮ್ನೆ ಬಾಯಿಗೆ ಬಂದಿದ್ದು ಹೇಳ್ದೆ.”

ಎಮೆಟ್ ಎರಡು ವಾರ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ಓಡಾಡಿದ್ದ. ತನ್ನ ಹೆಂಡತಿಯ ಕಣ್ಣಿಗೆ ಬಿದ್ದದ್ದು ಇಲ್ಲಿಯ ಮೂವತ್ತು ಜನ ಪಂಡಿತರ ಕಣ್ಣಿಗೆ ಬೀಳಲಿಲ್ಲ ಎಂದು ರೇಗಿಸಿದ್ದ. ಅದನ್ನು ಕರ್ಟಿಸ್ ಹೇಳಿದ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು.

ಮನೆಯಲ್ಲಿದ್ದ ಹನ್ನೊಂದು ಪೆಟ್ಟಿಗೆ ಕಾಮಿಕ್ಸನ್ನೂ ಹೋದ ಶನಿವಾರ ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಕೊಟ್ಟು ಕೈತೊಳೆದುಕೊಂಡಿದ್ದಳು ವರ್ನಾ. ಕಲೆಯಾದದ್ದೂ ದಿಂಬಿನ ಪಕ್ಕದ್ದೂ ಅದರಲ್ಲೇ ಹೋಗಿದ್ದವು. ಈಗ ಹೋದರೆ ಸಿಗಬಹುದೇ ಎಂದು ಕೇಳಿದಳು.

“ಒಳ್ಳೇದನ್ನ ಯಾರಾದ್ರೂ ತಗೊಂಡಿರ್ತಾರೆ. ಕಲೆ ಆಗಿರೋದನ್ನ ಯಾರೂ ಮುಟ್ಟಲ್ಲ. ಅದೆಲ್ಲ ಸೋಮವಾರ ರದ್ದಿಗೆ ಹೋಯ್ತು” ಎಂದ ಕರ್ಟಿಸ್. ಅವನೂ ಆ ಮಾರಾಟಕ್ಕೆ ಹೋಗಿದ್ದನಂತೆ.

ಅವಳು ಡಬ್ಬದೊಳಗೆ ನೋಡುತ್ತ ನಿಂತಳು. ಆ ಹುಡುಗಿಗೆ ಏನಾಯಿತು, ಬದುಕಿದ್ದಾಳಾ ಎಂದು ಕೇಳಿದಳು. ಓದದವರಿಗೆ ಕಥೆ ಹೇಳಬಾರದು ಎಂಬುದು ಆ ಅಂಗಡಿಯಲ್ಲಿ ಎಲ್ಲರೂ ಪಾಲಿಸುವ ನಿಯಮ. “ನೀವೇ ಓದ್ಬೇಕು” ಎಂದ ಕರ್ಟಿಸ್, ಅವಳ ಮುಖ ನೋಡದೆ. ಒಳಗಿನಿಂದ ಮೊದಲ ಎರಡು ಸಂಚಿಕೆಗಳನ್ನು ತಂದು ಉಳಿದ ಮೂರರ ಜೊತೆ ಚೀಲಕ್ಕೆ ಹಾಕಿದ. ಡಬ್ಬದ ಮೇಲಿನ ಹೆಸರನ್ನು ಅಳಿಸಲು ಮಾತ್ರ ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮನೆಗೆ ಬಂದು ವರ್ನಾ ಅಭ್ಯಾಸಬಲದಿಂದ ಕಾಫಿ ಮಾಡಿಕೊಂಡಳು. ಮೊದಲ ಸಂಚಿಕೆ ಮೇಜಿನ ಮೇಲಿತ್ತು. ಹೊಚ್ಚಹೊಸದು, ಮುಖಪುಟದಲ್ಲಿ ಎಲ್ಲೂ ಒಂದು ಗುರುತಿಲ್ಲ. ಅದನ್ನು ನೋಡಿದ್ದೇ ಅವಳಿಗೆ ಅಳು ಬಂತು. ಅಂತ್ಯಸಂಸ್ಕಾರದ ದಿನವೂ ಅವಳು ಹೀಗೆ ಅತ್ತಿರಲಿಲ್ಲ.

ಆಮೇಲೆ ಎದ್ದು, ಲೋಟವನ್ನು ಸಿಂಕಿನ ಪಕ್ಕದಲ್ಲಿ ದೂರ ಇಟ್ಟು, ಕೈ ಒರೆಸಿಕೊಂಡು ಬಂದು ಮೊದಲ ಪುಟ ತೆಗೆದಳು. ಚಿತ್ರದೊಳಗಿನ ಯಾವ ಮಾತನ್ನು ಮೊದಲು ಓದಬೇಕೆಂದು ತಿಳಿಯದೆ ಬಲಗಡೆಯದನ್ನು ಓದಿದಳು, ಅರ್ಥವಾಗದೆ ಎಡಕ್ಕೆ ಬಂದಳು. ಆರು ಜನ ಕಿಟಕಿಯ ಕಡೆ ತಿರುಗಿ ಏನೇನೋ ಹೇಳುತ್ತಿದ್ದರು. ಬೂದು ಕೋಟಿನವಳು ಎಲ್ಲರ ಹಿಂದೆ, ಬಾಗಿಲ ಹತ್ತಿರ, ಅವರ ಕಡೆ ಮುಖ ಮಾಡಿ ನಿಂತಿದ್ದಳು. ವರ್ನಾ ಪುಟ ತಿರುಗಿಸಿದಳು. ಸಿಂಕಿನ ಪಕ್ಕದಲ್ಲಿ ಕಾಫಿ ಆರುತ್ತಿತ್ತು.