ಜೇನಿಗೆ ಹೆಪ್ಪು

ನನ್ನ ಅಕ್ಕ ಆಯುಷ್ಯವನ್ನೆಲ್ಲ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ಕಳೆದವಳು. ನಿವೃತ್ತಿಯಾದದ್ದು ಕೆಲಸದಿಂದ ಮಾತ್ರ. ಮನೆಗೆ ಬಂದ ಟೊಮೆಟೊಗೆ ಸ್ನಾನ, ಬಾಗಿಲ ಹಿಡಿಗೆ ಸ್ಪಿರಿಟ್ಟು, ನೆಂಟರಿಗೆ ಮೊದಲು ಸೋಪು, ಆಮೇಲೆ ಕುರ್ಚಿ. ಅವಳ ಜೊತೆ ಒಂದೇ ಸೂರಿನಡಿ ಬಾಳುತ್ತಿರುವ ನಾನು ಡೈರಿಯ ಪರೀಕ್ಷಾ ಕೋಣೆಯಲ್ಲಿ ಕೆಲಸಕ್ಕಿದ್ದೇನೆ. ಬ್ಯಾಕ್ಟೀರಿಯಾ ಬೆಳೆಸುವುದೇ ನನ್ನ ಹೊಟ್ಟೆಪಾಡು. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಅಕ್ಕ ಹಂಗಿಸುತ್ತಾಳೆ. ಸಂಬಳ ಕೊಟ್ಟು ಹುಡುಕಿಸುತ್ತಾರೆ, ನಾನೇನು ಮಾಡಲಿ.

ಭಾವ ತೀರಿಕೊಂಡ ಮೇಲೆ ತಾರಸಿಯ ಮೇಲಿದ್ದ ಅವರ ಜೇನುಪೆಟ್ಟಿಗೆಗಳು ಅಕ್ಕನ ಕೈಗೆ ಬಂದವು. ಭಾವ ಹೋದದ್ದು ಸಣ್ಣದೊಂದು ಆಪರೇಷನ್ ಆದಮೇಲೆ, ಗಾಯಕ್ಕೆ ಸೋಂಕು ತಗುಲಿ. ಜನ್ಮವಿಡೀ ಸೋಂಕಿನ ಜೊತೆ ಕಾದಾಡಿದವಳ ಮನೆಗೇ ಅದು ನುಗ್ಗಿತು. ಅಂದಿನಿಂದ ಆ ಪೆಟ್ಟಿಗೆಗಳನ್ನು ಅಕ್ಕ ರೋಗಿಗಳನ್ನು ನೋಡಿಕೊಂಡ ಹಾಗೆ ನೋಡಿಕೊಂಡಳು. ಜೇನುನೊಣಗಳು ಎರಿಯ ಮೇಣದ ಕುಳಿಗಳಲ್ಲಿ ಒತ್ತಿಟ್ಟ ಪರಾಗಕ್ಕೆ ಒಂದು ಹುಳಿ ವಾಸನೆ ಇರುತ್ತದೆ. ಕೆಟ್ಟಿದೆ ಎಂದು ಅದನ್ನು ಕೆರೆದು ಎಸೆದಳು. ಅಂಗಡಿಯ ಪರಾಗ ತಂದು, ಹಬೆಯಲ್ಲಿ ಬೇಯಿಸಿ, ಉಂಡೆ ಕಟ್ಟಿ ಇಟ್ಟಳು. ಯಾವ ರೋಗವೂ ಇಲ್ಲದಿದ್ದರೂ ಮುಂಜಾಗ್ರತೆಗೆಂದು ಸಕ್ಕರೆ ನೀರಿಗೆ ಆಂಟಿಬಯೋಟಿಕ್ ಬೆರೆಸಿದಳು. ಒಂದೊಂದೇ ಪೆಟ್ಟಿಗೆ ಬರಿದಾಯಿತು. ಕೊನೆಗೆ ಉಳಿದದ್ದು ಒಂದೇ, ಅದೂ ಬಡಕಲು.

"ಇದೂ ಹೋದ್ರೆ ಅವರದ್ದು ಅಂತ ಜೀವ ಇರೋದು ಈ ಮನೇಲಿ ಏನೂ ಉಳಿಯಲ್ಲ ಕಣೆ," ಎಂದಳು ಅಕ್ಕ. ಆಮೇಲೆ ದನಿ ಗಡುಸಾಯಿತು. "ಎಲ್ಲಾ ಆ ಗೋಂದಣ್ಣನ ಗಲೀಜಿಂದ."

ಗೋಂದಣ್ಣ ಎಂದರೆ ಪಕ್ಕದ ಮನೆಯ ಬಡಗಿ, ಭಾವನ ಗೆಳೆಯ. ಅವರ ಕೈಗೆ ಗೋಂದು ಮೆತ್ತಿರದ ದಿನವನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ. ಅವರೂ ಜೇನು ಸಾಕಿದ್ದರು. ಸಾಕಿದ್ದರು ಎನ್ನುವುದಕ್ಕಿಂತ ಅದರ ಪಾಡಿಗೆ ಅದನ್ನು ಬಿಟ್ಟಿದ್ದರು. ಮುಚ್ಚಳ ತೆಗೆದರೆ ಹಳೆಯ ಮೇಣ, ಅಂಟು, ಮರದ ಹೊಟ್ಟು. ಗುಡಿಸುವುದಕ್ಕೂ ಸೋಮಾರಿತನ. ಆದರೂ ಅವರ ನೊಣಗಳು ಗುಂಯ್‌ಗುಡುತ್ತಿದ್ದವು. ಅಕ್ಕ ಅವರ ಜೊತೆ ಮಾತು ಬಿಟ್ಟಿದ್ದಳು.

ನನಗೆ ಕುತೂಹಲ ತಡೆಯಲಾಗಲಿಲ್ಲ. ಎರಡೂ ಕಡೆಯಿಂದ ಒಂದೊಂದು ಚಿಟಿಕೆ ಪರಾಗ ಡೈರಿಗೆ ಒಯ್ದೆ. ಮೊಸರಿನ ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗಳಿಗೆ ಹಾಕಿ, ಬೆಚ್ಚಗಿಟ್ಟು, ಬೆಳೆದದ್ದನ್ನು ಸೂಕ್ಷ್ಮದರ್ಶಕದಲ್ಲೂ ನೋಡಿದೆ. ಆಮೇಲೆ ತಟ್ಟೆಗಳ ಚಿತ್ರ ತೆಗೆದು ಅಕ್ಕನ ಮುಂದೆ ಹಿಡಿದೆ. ಅವಳ ತಟ್ಟೆ ಖಾಲಿ. ಗೋಂದಣ್ಣನದರ ತುಂಬ ಬಿಳಿ ಚುಕ್ಕೆಗಳು.

ಅಕ್ಕನ ಮುಖ ಅರಳಿತು. "ನೋಡಿದ್ಯಾ? ನಂದು ಎಷ್ಟು ಕ್ಲೀನಾಗಿದೆ. ಅವರದ್ದು ನೋಡು, ಅಸಹ್ಯ."

"ಅಕ್ಕಾ, ಆ ಅಸಹ್ಯಾನೇ ನಮಗೆ ಬೇಕಿರೋದು. ಅವು ಲ್ಯಾಕ್ಟಿಕ್ ಆಮ್ಲ ಮಾಡೋ ಬ್ಯಾಕ್ಟೀರಿಯಾ, ಮೊಸರಲ್ಲಿರೋವುಗಳ ದಾಯಾದಿಗಳು. ಪರಾಗಾನ ಹುಳಿ ಮಾಡಿ ಕೆಡದ ಹಾಗೆ ಇಡ್ತವೆ. ನೊಣದ ಹೊಟ್ಟೇಲಿದ್ದು ರೋಗದವನ್ನ ಹತ್ತಿರ ಸೇರಿಸಲ್ಲ. ನೀನು ಕಳ್ಳರನ್ನ ಓಡಿಸೋಕೆ ಹೋಗಿ ಕಾವಲಿನವರನ್ನೂ ಓಡಿಸಿದೀಯ."

"ನಿನ್ ಭಾವನ್ನ ಕೊಂದಿದ್ದೂ ಬ್ಯಾಕ್ಟೀರಿಯಾನೇ."

"ಹೌದು. ಹಾಗಂತ ಎಲ್ಲವನ್ನೂ ಕೊಲ್ತೀಯಾ? ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ?"

ಮಾತು ಹೆಚ್ಚಾಯಿತು ಎಂದು ನನಗೇ ಅನಿಸಿತು. ಅಕ್ಕ ಖಾಲಿ ತಟ್ಟೆಯ ಚಿತ್ರವನ್ನು ಮತ್ತೊಮ್ಮೆ ನೋಡಿದಳು. "ಅಂದ್ರೆ ನಿನ್ ಭಾವನ ನೊಣಗಳನ್ನ ಕೊಂದಿದ್ದು ನಾನೇ," ಎಂದಳು.

"ಒಂದು ಉಳಿದಿದೆಯಲ್ಲಕ್ಕಾ. ಮನೇಲಿ ಹೆಪ್ಪಿಲ್ದಿದ್ರೆ ಏನ್ ಮಾಡ್ತಾರೆ?"

"ಪಕ್ಕದ ಮನೇಲಿ ಕೇಳ್ತಾರೆ," ಎಂದವಳು, ಪಕ್ಕದ ಮನೆ ಯಾವುದೆಂದು ನೆನಪಾಗಿ ಮುಖ ಸಿಂಡರಿಸಿದಳು.

ಆದರೂ ಬೆಳಗಾಗುತ್ತಲೇ ನನ್ನನ್ನೂ ಕರೆದುಕೊಂಡು ಗೋಂದಣ್ಣನ ಮನೆಗೆ ಹೊರಟಳು. ಬಂದ ಕೆಲಸ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ, ನಾನೇ ಹೇಳಿದೆ. ಗೋಂದಣ್ಣ ಏನೂ ಹಂಗಿಸದೆ ಮುಚ್ಚಳ ತೆಗೆದರು. ಅಕ್ಕ ಕನ್ನಡಕ ಏರಿಸಿ, ರೋಗದ ಗುರುತೇನಾದರೂ ಇದೆಯೇ ಎಂದು ಮರಿಹುಳುಗಳನ್ನು ಕುಳಿ ಕುಳಿ ಇಣುಕಿ ನೋಡಿದಳು. ಎಷ್ಟಾದರೂ ನರ್ಸು. ಅವಳು ಹೂಂ ಎಂದ ಮೇಲೆ ಅವರು ಎರಿ ಕಟ್ಟಿದ ಒಂದು ಚೌಕಟ್ಟು ಎತ್ತಿದರು. ಹಳದಿ, ಕಿತ್ತಳೆ, ಕಂದು ಪರಾಗ ಒತ್ತಾಗಿ ತುಂಬಿತ್ತು, ಅಂಚಿನ ತುಂಬ ಅಂಟು.

"ಇದು ನಿಮ್ಮನೆಯೋರು ಕೊಟ್ಟ ಗೂಡೇ ಅಲ್ವಾ ಅತ್ತಿಗೆ," ಎಂದರು ಗೋಂದಣ್ಣ. "ಅವರ ಪೆಟ್ಟಿಗೇನೇ ಪಾಲು ಮಾಡಿ ಕೊಟ್ಟಿದ್ರು. ನಾನು ಒಂದು ದಿನಾನೂ ತೊಳೀಲಿಲ್ಲ, ಅದೊಂದು ಬೇಜಾರು. ಇರಿ, ಒರೆಸಿ ಕೊಡ್ತೀನಿ." ಹೆಗಲ ಮೇಲಿನ ಬಟ್ಟೆ ಎಳೆದರು.

"ಬೇಡ," ಎಂದಳು ಅಕ್ಕ. "ಒರೆಸಬೇಡಿ."

ಇವರಿಗೆ ಮೈ ಸರಿಯಿದೆಯೇ ಎನ್ನುವಂತೆ ಗೋಂದಣ್ಣ ನನ್ನ ಮುಖ ನೋಡಿದರು. ಅಕ್ಕ ಆ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ಎತ್ತಿಕೊಂಡ ಹಾಗೆ, ಮೆಟ್ಟಿಲ ಮೇಲೆ ಮೆಲ್ಲಗೆ ಹೆಜ್ಜೆಯಿಟ್ಟು ತಾರಸಿಗೆ ಹೋಗಿ, ಉಳಿದಿದ್ದ ಪೆಟ್ಟಿಗೆಯೊಳಗೆ ಇಳಿಸಿದಳು.

ಔಷಧಿ ನಿಂತಿತು, ಬೇಯಿಸುವುದೂ ನಿಂತಿತು. ಮೊದಮೊದಲು ಏನೂ ಬದಲಾಗಲಿಲ್ಲ. ಅಕ್ಕ ದಿನಾ ಪೆಟ್ಟಿಗೆಗೆ ಕಿವಿಯಿಟ್ಟು ಕೇಳುವಳು, ಸಪ್ಪೆ ಮುಖ ಮಾಡಿಕೊಂಡು ಕೆಳಗಿಳಿಯುವಳು. ಆಮೇಲೆ ಬೀದಿಯ ಮರಗಳು ಹೂಬಿಟ್ಟವು, ಕಾಲಿಗೆ ಪರಾಗ ಮೆತ್ತಿಕೊಂಡ ನೊಣಗಳು ಹೆಚ್ಚುತ್ತ ಬಂದವು, ಹೊಸ ಮರಿಗಳು ಹೊರಬಂದವು. ಎಲ್ಲ ಆ ಹೆಪ್ಪಿನ ಮಹಿಮೆಯೇ ಎಂದು ನಾನು ಎದೆ ತಟ್ಟಿ ಹೇಳಲಾರೆ. ಔಷಧಿ ನಿಂತದ್ದೂ ಇದೆ, ಹೂವಿನ ಕಾಲವೂ ಇದೆ. ಗೂಡು ಬದುಕಿತು, ಅಷ್ಟು ಸಾಕು. ಪಾಲು ಮಾಡಿ ಇನ್ನೊಂದು ಪೆಟ್ಟಿಗೆ ತುಂಬುವಷ್ಟು ಬೆಳೆಯಿತು.

ಪಾಲು ಮಾಡುವ ದಿನ ಎರಿ ಎತ್ತಿದಾಗ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಅಕ್ಕ ಬೆರಳಿನಿಂದ ಒಂದು ಚೂರು ಪರಾಗ ಕಿತ್ತು ಬಾಯಿಗೆ ಹಾಕಿಕೊಂಡಳು.

"ಚೆನ್ನಾಗಿದೆ," ಎಂದಳು. "ಪೆಟ್ಟಿಗೆ ತೆರೆದಾಗಲೆಲ್ಲ ನಿನ್ ಭಾವ, ಒಂದ್ ಚೂರು ತಿಂತೀನಿ ಕಣೇ ಅಂತ ಗೋಗರೀತಿದ್ರು. ನಾನು ಒಂದು ದಿನಾನೂ ಬಿಡ್ಲಿಲ್ಲ."

ಅವಳ ಕಣ್ಣು ತುಂಬಿತ್ತು. ಅಕ್ಕ ಇನ್ನೊಂದು ಚೂರು ಕಿತ್ತಳು, ಮೊದಲಿನದಕ್ಕಿಂತ ದೊಡ್ಡದು. "ಇದು ಅವರದ್ದು," ಎಂದು ಅದನ್ನೂ ತಿಂದಳು.